ಓಡದ ಕಾರುಗಳ ಒಡೆಯ: ಏಳನೆಯ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್

ಹೈದರಾಬಾದಿನ ಚೌಮಹಲ್ಲಾ ಅರಮನೆಯನ್ನು ನೋಡಲು ಹೋದವರು ಅಲ್ಲಿರುವ ಹಳದಿ ಬಣ್ಣದ ಹಳೆಯ ಕಾರೊಂದರ ಮುಂದೆ ಕ್ಷಣಕಾಲ ನಿಲ್ಲದೆ ಮುಂದೆ ಸಾಗುವುದಿಲ್ಲ. ಅದು 1912ರ ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್. ಲಂಡನ್ನಿನ ಬಾರ್ಕರ್ ಸಂಸ್ಥೆ ಅದರ ಮೈಯನ್ನು ಕಟ್ಟಿತು. ಹಿಂಬದಿಯ ಆಸನವನ್ನು ಸಿಂಹಾಸನದಂತೆ ಎತ್ತರಿಸಲಾಗಿದೆ. ದೊರೆ ಅದರಲ್ಲಿ ಕುಳಿತು ಬೀದಿಯಲ್ಲಿ ಸಾಗಿದರೆ ಪ್ರಜೆಗಳಿಗೆ ಅಂಬಾರಿಯ ನೆನಪಾಗಬೇಕು ಎಂಬುದು ಅದನ್ನು ಮಾಡಿಸಿದವರ ಆಶಯವಾಗಿದ್ದಿರಬೇಕು. ಅಷ್ಟು ವೈಭವದ ಆ ಕಾರು ದಶಕಗಳ ಅವಧಿಯಲ್ಲಿ ಓಡಿದ್ದು ಕೇವಲ 356 ಮೈಲಿ, ಅಂದರೆ ಸುಮಾರು 573 ಕಿಲೋಮೀಟರ್ ಎಂದು ಹೇಳಲಾಗುತ್ತದೆ. ರಾಯಚೂರಿನಿಂದ ಹೈದರಾಬಾದಿಗೆ ಎರಡು ಸಲ ಹೋಗಿ ಬರಲೂ ಆ ದೂರ ಸಾಲದು.

ಇಂದು ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ, ರಾಯಚೂರು ಎನ್ನದೆ ಎಲ್ಲ ಊರುಗಳಲ್ಲಿಯೂ ಬಳಸಿದ ಐಷಾರಾಮಿ ಕಾರುಗಳ ಮಾರಾಟ ಜೋರಾಗಿದೆ. ಏಳೆಂಟು ವರ್ಷ ಓಡಿದ ಜರ್ಮನ್ ಕಾರು ಹೊಸ ಸಾಧಾರಣ ಕಾರಿನ ಬೆಲೆಗೆ ದೊರೆಯುತ್ತದೆ ಎಂದಾಗ ಯಾರ ಮನಸ್ಸಿಗಾದರೂ ಆಸೆ ಹುಟ್ಟುವುದು ಸಹಜ. ಆದರೆ ಕಾರಿನ ಬೆಲೆ ಇಳಿದಂತೆ ಅದರ ಟೈರು, ಬ್ರೇಕು, ಗೇರುಪೆಟ್ಟಿಗೆಗಳ ಬೆಲೆ ಇಳಿಯುವುದಿಲ್ಲ. ಕೊಳ್ಳುವಾಗ ಅದು ಹತ್ತು ಲಕ್ಷದ ಕಾರು, ದುರಸ್ತಿಗೆ ನಿಂತಾಗ ಎಪ್ಪತ್ತು ಲಕ್ಷದ ಕಾರು. ಆನೆ ಕೊಂಡ ಮೇಲೆ ಅಂಕುಶಕ್ಕೆ ಚೌಕಾಸಿ ಮಾಡಿದರೆ ನಡೆಯುವುದಿಲ್ಲ ಎಂಬ ಹಿರಿಯರ ಮಾತಿನ ಅರ್ಥವೂ ಇದೇ. ಈ ಪಾಠವನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಬಿಟ್ಟುಹೋದವರು ಒಂದು ಕಾಲದಲ್ಲಿ ಜಗತ್ತಿನ ಅತಿ ಸಿರಿವಂತರೆನಿಸಿದ್ದ ಹೈದರಾಬಾದಿನ ಏಳನೆಯ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್. ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಿಂದ ಹಿಡಿದು ದೇವದುರ್ಗ, ಮಾನ್ವಿಯವರೆಗಿನ ಹಳ್ಳಿಗಳೆಲ್ಲ 1948ರ ತನಕ ಅವರ ಆಳ್ವಿಕೆಗೆ ಒಳಪಟ್ಟಿದ್ದವು.

ತಂದೆಯ ಕಾರು, ಮಗನ ಪಟ್ಟ

ಉಸ್ಮಾನ್ ಅಲಿ ಖಾನ್ ಹುಟ್ಟಿದ್ದು 1886ರ ಏಪ್ರಿಲ್ 6ರಂದು, ಹೈದರಾಬಾದಿನ ಪುರಾನಿ ಹವೇಲಿಯಲ್ಲಿ. ತಂದೆ ಆರನೆಯ ನಿಜಾಮ್ ಮಹಬೂಬ್ ಅಲಿ ಖಾನ್ ವೈಭವಪ್ರಿಯರು. ಬೇಟೆ, ಉಡುಪು, ಔತಣಗಳಲ್ಲಿ ಅವರ ಕೈ ಬಹಳ ದೊಡ್ಡದು. ಆ ಹಳದಿ ರೋಲ್ಸ್ ರಾಯ್ಸ್ ತರಿಸಲು ಅಪ್ಪಣೆ ಕೊಟ್ಟವರೂ ಅವರೇ. ಆದರೆ ಕಾರು ಹಡಗಿನಲ್ಲಿ ಬಂದಿಳಿಯುವ ಮೊದಲೇ, 1911ರ ಆಗಸ್ಟ್ 29ರಂದು ಅವರು ತೀರಿಕೊಂಡರು. ಇಪ್ಪತ್ತೈದರ ಹರೆಯದ ಮಗ ಪಟ್ಟಕ್ಕೆ ಬಂದರು. ಹೀಗೆ ತಂದೆಯ ಆಸೆಯ ಕಾರು ಮಗನ ಪಾಲಿಗೆ ಬಂದಿತು.

ಆ ಕಾಲಕ್ಕೆ ಸಿಲ್ವರ್ ಗೋಸ್ಟ್ ಎಂಬುದು ಸಾಧಾರಣ ಯಂತ್ರವಲ್ಲ. ಆರು ಸಿಲಿಂಡರುಗಳ, 7.4 ಲೀಟರ್ ಗಾತ್ರದ ಎಂಜಿನ್ ಅದರದ್ದು. 1911ರಲ್ಲಿ ಅದೇ ಮಾದರಿಯ ಒಂದು ಕಾರನ್ನು ಲಂಡನ್ನಿನಿಂದ ಎಡಿನ್‌ಬರೋವರೆಗೆ ಒಂದೇ ಮೇಲಿನ ಗೇರಿನಲ್ಲಿ ಓಡಿಸಿ ಪರೀಕ್ಷಿಸಲಾಯಿತು. ಒಂದು ಗ್ಯಾಲನ್ ಪೆಟ್ರೋಲಿಗೆ ಅದು 24.32 ಮೈಲಿ ಓಡಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 8.6 ಕಿಲೋಮೀಟರ್. ಬಳಿಕ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಅದು ಗಂಟೆಗೆ 78 ಮೈಲಿ, ಅಂದರೆ 125 ಕಿಲೋಮೀಟರ್ ವೇಗವನ್ನು ಮುಟ್ಟಿತು. ಎತ್ತಿನ ಬಂಡಿ, ಟಾಂಗಾಗಳ ಜಗತ್ತಿನಲ್ಲಿ ಇದು ಊಹೆಗೂ ನಿಲುಕದ ವೇಗ.

ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಈ ಕಾರಿನ ಚಾಸಿಯೊಂದಕ್ಕೇ 985 ಪೌಂಡ್ ಬೆಲೆಯಿತ್ತು. ಮೇಲಿನ ಮೈ, ಆಸನ, ಅಲಂಕಾರಗಳ ಖರ್ಚು ಪ್ರತ್ಯೇಕ. ಒಂದು ಪೌಂಡಿಗೆ 15 ರೂಪಾಯಿಯ ಅಂದಿನ ದರದಲ್ಲಿ ಚಾಸಿಯ ಬೆಲೆ 14,775 ರೂಪಾಯಿ. ಅದನ್ನು 356 ಮೈಲಿಗೆ ಹಂಚಿದರೆ ಮೈಲಿಗೆ 41 ರೂಪಾಯಿಗೂ ಹೆಚ್ಚಾಗುತ್ತದೆ. ಇದರಲ್ಲಿ ಪೆಟ್ರೋಲು, ಎಣ್ಣೆ, ಚಾಲಕನ ಸಂಬಳ ಯಾವುದೂ ಸೇರಿಲ್ಲ. ಓಡದ ಕಾರಿನಷ್ಟು ದುಬಾರಿ ವಾಹನ ಬೇರೊಂದಿಲ್ಲ ಎಂಬುದಕ್ಕೆ ಈ ಲೆಕ್ಕವೊಂದೇ ಸಾಕು.

ಸಿರಿವಂತನ ಹಳೆಯ ಫೋರ್ಡ್

ಹೊಸ ನಿಜಾಮರ ಸ್ವಭಾವ ತಂದೆಯದ್ದಕ್ಕೆ ತೀರ ವಿರುದ್ಧ. ಚೌಮಹಲ್ಲಾ, ಫಲಕ್‌ನುಮಾದಂತಹ ಅರಮನೆಗಳಿದ್ದರೂ ಅವರು ಕಿಂಗ್ ಕೋಠಿಯಲ್ಲಿ ನೆಲೆಸಿದರು. ಮಾಸಿದ ಶೇರವಾನಿ, ಹಳೆಯ ರೂಮಿ ಟೋಪಿ, ಸವೆದ ಚಪ್ಪಲಿ, ಅಗ್ಗದ ಚಾರ್‌ಮಿನಾರ್ ಸಿಗರೇಟು ಅವರ ಗುರುತುಗಳಾದವು. 184 ಕ್ಯಾರೆಟ್ ಮೀರಿದ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಇಡುವ ಭಾರವಾಗಿ ಬಳಸುತ್ತಿದ್ದರೆಂಬ ಕಥೆ ಊರೂರಿಗೆ ಹರಡಿತು. 1937ರ ಫೆಬ್ರವರಿ 22ರ ಸಂಚಿಕೆಯ ಮುಖಪುಟದಲ್ಲಿ ಅಮೆರಿಕದ ಟೈಮ್ ಪತ್ರಿಕೆ ಅವರ ಚಿತ್ರವನ್ನು ಅಚ್ಚುಮಾಡಿ ಜಗತ್ತಿನ ಅತಿ ಶ್ರೀಮಂತರೆಂದು ಪರಿಚಯಿಸಿತು.

ಅಂತಹ ವ್ಯಕ್ತಿ ಊರೊಳಗೆ ಓಡಾಡುತ್ತಿದ್ದುದು ಹಳೆಯ ಫೋರ್ಡ್ ಕಾರೊಂದರಲ್ಲಿ ಎಂದು ಅವರ ಕುರಿತ ಬರಹಗಳು ಹೇಳುತ್ತವೆ. ಆ ಕಾರು 1918ರದ್ದೆಂಬ ಮಾತೂ ಉಂಟು. ಆ ವರ್ಷದ ಫೋರ್ಡ್ ಎಂದರೆ ಮಾಡೆಲ್ ಟಿ. ನಾಲ್ಕು ಸಿಲಿಂಡರು, 2.9 ಲೀಟರ್ ಎಂಜಿನ್, 20 ಅಶ್ವಶಕ್ತಿ. ವೇಗ ಗಂಟೆಗೆ 65ರಿಂದ 70 ಕಿಲೋಮೀಟರ್ ದಾಟುತ್ತಿರಲಿಲ್ಲ.

ಈ ಎರಡು ಕಾರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಪೆಟ್ರೋಲಿನ ಲೆಕ್ಕದಲ್ಲಿ ಅವುಗಳ ನಡುವೆ ಅಂತಹ ಅಂತರವಿರಲಿಲ್ಲ. ಮಾಡೆಲ್ ಟಿ ಲೀಟರಿಗೆ ಐದೂವರೆಯಿಂದ ಒಂಬತ್ತು ಕಿಲೋಮೀಟರಿನೊಳಗೆ ಓಡುತ್ತಿತ್ತು. ಪರೀಕ್ಷೆಯ ಸಿಲ್ವರ್ ಗೋಸ್ಟ್ ಕೂಡ ಆ ಮಟ್ಟದಲ್ಲಿಯೇ ಇತ್ತು. ನಿಜವಾದ ಅಂತರವಿದ್ದುದು ಬಿಡಿಭಾಗಗಳಲ್ಲಿ ಮತ್ತು ಕೈಕೆಲಸದಲ್ಲಿ. ಲೋಕದಾದ್ಯಂತ ಒಂದೂವರೆ ಕೋಟಿ ತಯಾರಾದ ಮಾಡೆಲ್ ಟಿಗೆ ಬಿಡಿಭಾಗಗಳ ಕೊರತೆಯಿರಲಿಲ್ಲ, ಸಾಧಾರಣ ಮೆಕ್ಯಾನಿಕ್ ಕೂಡ ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದ. ರೋಲ್ಸ್ ರಾಯ್ಸ್‌ಗಾದರೋ ನುರಿತ ಕೈಯೇ ಬೇಕು, ಭಾಗಗಳು ಸಮುದ್ರ ದಾಟಿಯೇ ಬರಬೇಕು. ಬಳಸಿದ ಕಾರು ಕೊಳ್ಳುವವರು ಇಂದಿಗೂ ಮೈಲೇಜನ್ನು ಮೊದಲು ಕೇಳುತ್ತಾರೆ, ಬಿಡಿಭಾಗದ ಬೆಲೆಯನ್ನು ಕೊನೆಗೆ ಕೇಳುತ್ತಾರೆ. ನಿಜಾಮರು ತಮ್ಮ ಓಡಾಟಕ್ಕೆ ಆರಿಸಿಕೊಂಡ ಕಾರು ಈ ವಿಷಯದಲ್ಲಿ ಜಾಣತನದ ಆಯ್ಕೆಯೇ ಆಗಿತ್ತು.

ಗ್ಯಾರೇಜಿಗೆ ಸೇರಿದ ನಜರ್

ಆದರೆ ಆ ಜಾಣತನ ಅವರ ಮೈಮೇಲಿನ ಖರ್ಚಿಗಷ್ಟೇ ಸೀಮಿತವಾಗಿತ್ತು. ದೊರೆಗೆ ಕಾಣಿಕೆ ಒಪ್ಪಿಸುವ ನಜರ್ ಪದ್ಧತಿ ಆ ಸಂಸ್ಥಾನದಲ್ಲಿ ಬಲವಾಗಿ ಬೇರೂರಿತ್ತು. ನಗರದ ಬೀದಿಯಲ್ಲಿ ಯಾವುದಾದರೂ ಅಂದವಾದ ಕಾರು ಕಣ್ಣಿಗೆ ಬಿದ್ದರೆ ಅದನ್ನು ಕಾಣಿಕೆಯಾಗಿ ಪಡೆಯಲು ನಿಜಾಮರಿಗೆ ಸಂತೋಷವಾದೀತು ಎಂಬ ಸೂಚನೆ ಅದರ ಒಡೆಯನಿಗೆ ತಲುಪುತ್ತಿತ್ತಂತೆ. ಹಾಗೆ ಬಂದ ಕಾರುಗಳು ನೂರಾರು ಎಂದು ಹೇಳುವವರಿದ್ದಾರೆ. ಆ ಸಂಖ್ಯೆ ಕಥೆಯೊಳಗೆ ಉಬ್ಬಿರಬಹುದು. ಆದರೆ ಅರಮನೆಯ ಗ್ಯಾರೇಜುಗಳು ಬಳಸದ ಕಾರುಗಳಿಂದ ತುಂಬಿದ್ದವೆಂಬುದರಲ್ಲಿ ಸಂದೇಹವಿಲ್ಲ.

ಪುಕ್ಕಟೆಯಾಗಿ ಬಂದ ಕಾರು ಪುಕ್ಕಟೆಯಾಗಿ ಉಳಿಯುವುದಿಲ್ಲ. ಓಡುವ ಕಾರಿಗಿಂತ ನಿಂತ ಕಾರು ಬೇಗ ಹಾಳಾಗುತ್ತದೆ. ಟೈರುಗಳು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತವೆ, ರಬ್ಬರು ಬಿರಿಯುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರನ್ನು ಕಟ್ಟುತ್ತದೆ. ಬ್ಯಾಟರಿ ಸಾಯುತ್ತದೆ. ಎಂಜಿನ್ನಿನ ಒಳಗೆ ತೇವ ಸೇರಿ ತುಕ್ಕು ಹಿಡಿಯುತ್ತದೆ. ಒಂದೊಂದು ಕಂಪನಿಯ ಒಂದೊಂದು ಮಾದರಿಗೂ ಬೇರೆ ಬೇರೆ ಬಿಡಿಭಾಗ ಬೇಕು. ಇಷ್ಟರ ಮೇಲೆ ಕಾವಲುಗಾರ, ಚಾಲಕ, ತೊಳೆಯುವವ, ಮೆಕ್ಯಾನಿಕ್ ಎಂದು ಪ್ರತಿಯೊಂದು ಕಾರಿನ ಹಿಂದೆ ಸಂಬಳದ ಪಟ್ಟಿ ಬೆಳೆಯುತ್ತ ಹೋಗುತ್ತದೆ. ತಾವು ಸೇದುವ ಸಿಗರೇಟಿನ ಖರ್ಚಿನಲ್ಲಿಯೂ ಬಿಗಿ ಹಿಡಿತ ಸಾಧಿಸಿದ್ದ ನಿಜಾಮರು ನಿಂತ ವಸ್ತುವಿನ ಖರ್ಚನ್ನು ಮಾತ್ರ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

ಪ್ರಜೆಗಳ ದಾರಿ

ಅವರ ಆಳ್ವಿಕೆಯನ್ನು ಗ್ಯಾರೇಜಿನಿಂದಷ್ಟೇ ಅಳೆಯುವುದು ನ್ಯಾಯವಾಗದು. 1908ರಲ್ಲಿ ಮೂಸಿ ನದಿಯ ಪ್ರವಾಹ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಮರುವರ್ಷ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಲ್ಲಿಗೆ ಬಂದು ನೆರೆ ತಡೆಯುವ ಯೋಜನೆ ರೂಪಿಸಿದರು. ಅದರ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಈ ನಿಜಾಮರ ಕಾಲದಲ್ಲಿ ಮೈದಳೆದವು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ ಮೊದಲ ವಿಶ್ವವಿದ್ಯಾಲಯ ಅದು. ಆದರೆ ಆ ಭಾಷೆ ಉರ್ದು ಆಗಿದ್ದುದರಿಂದ ರಾಯಚೂರು, ಕಲಬುರಗಿ, ಬೀದರಗಳ ಕನ್ನಡದ ಮಕ್ಕಳಿಗೆ ಅದರ ಬಾಗಿಲು ಅಷ್ಟು ಸುಲಭವಾಗಿ ತೆರೆಯಲಿಲ್ಲ.

ವಾಹನಗಳ ವಿಷಯದಲ್ಲಿಯೂ ಪ್ರಜೆಗಳಿಗೆ ಉಪಯೋಗವಾದ ಒಂದು ಕೆಲಸ ನಡೆಯಿತು. 1932ರಲ್ಲಿ ನಿಜಾಮ್ ಸರಕಾರಿ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ವಿಭಾಗ ಸ್ಥಾಪನೆಯಾಯಿತು. ಆರಂಭದಲ್ಲಿ ಅದರ ಬಳಿ ಇದ್ದುದು 27 ಬಸ್ಸುಗಳು ಮತ್ತು 166 ಸಿಬ್ಬಂದಿ. ನಿಜಾಮರ ತಾಯಿ ಜಹರಾ ಬೇಗಂ ಅವರ ನೆನಪಿಗಾಗಿ ಬಸ್ಸುಗಳ ನೋಂದಣಿಯಲ್ಲಿ ಝಡ್ ಅಕ್ಷರ ಸೇರಿತೆಂದು ಜನ ಇಂದಿಗೂ ಹೇಳುತ್ತಾರೆ. ಮುಂದೆ ಆಂಧ್ರಪ್ರದೇಶ, ತೆಲಂಗಾಣಗಳ ಸಾರಿಗೆ ಸಂಸ್ಥೆಗಳಿಗೆ ಮೂಲವಾದದ್ದು ಈ ಪುಟ್ಟ ವಿಭಾಗವೇ. ಅರಮನೆಯ ಹತ್ತಾರು ಕಾರುಗಳು ಹೊದಿಕೆಯಡಿ ನಿಂತಿದ್ದಾಗ ಈ 27 ಬಸ್ಸುಗಳು ದಿನವೂ ಓಡಿದವು. ಓಡಿದ ಪ್ರತಿ ಮೈಲಿಗೂ ಖರ್ಚು ಹಂಚಿಹೋಯಿತು, ಹೊತ್ತ ಪ್ರತಿ ಪ್ರಯಾಣಿಕನಿಂದಲೂ ಕಾಸು ಮರಳಿ ಬಂದಿತು.

ರಾಯಚೂರು ಸೀಮೆಯ ಜನರಿಗೆ ಹೈದರಾಬಾದು ಬಹುಕಾಲ ರೈಲಿನ ದಾರಿಯ ರಾಜಧಾನಿಯಾಗಿತ್ತು. ವಾಡಿಯ ಮೂಲಕ ಸುತ್ತಿ ಅಲ್ಲಿಗೆ ಹೋಗಬೇಕಿತ್ತು. ದೇವಸೂಗೂರಿನ ಬಳಿ ಕೃಷ್ಣೆಗೆ ಕಟ್ಟಿದ ನಿಜಾಮರ ಕಾಲದ ಸೇತುವೆ ರಸ್ತೆಯ ದಾರಿಯನ್ನು ತೆರೆಯಿತು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಹೈದರಾಬಾದಿನ ಕಡೆಯಿಂದ ಶಂಕುಸ್ಥಾಪನೆ ಮಾಡಿದವರು ನಿಜಾಮರ ಹಿರಿಯ ಮಗ, ಬೇರಾರಿನ ರಾಜಕುಮಾರ ಆಜಂ ಜಾ. ಮಾನ್ವಿ, ಸಿಂಧನೂರುಗಳ ಗದ್ದೆಗಳಿಗೆ ಮುಂದೆ ನೀರು ಹರಿದದ್ದು ಆ ಯೋಜನೆಯ ಎಡದಂಡೆ ಕಾಲುವೆಯಿಂದ.

ಗದ್ದುಗೆ ಅಲುಗಿದ ವರ್ಷಗಳು

1947ರಲ್ಲಿ ದೇಶ ಸ್ವತಂತ್ರವಾದಾಗ ನಿಜಾಮರು ಭಾರತಕ್ಕೆ ಸೇರಲು ಒಪ್ಪಲಿಲ್ಲ. ಖಾಸಿಂ ರಜ್ವಿಯ ನೇತೃತ್ವದ ರಜಾಕಾರರ ಹಾವಳಿ ಹಳ್ಳಿಹಳ್ಳಿಗೂ ಹಬ್ಬಿತು. ಈ ಭಾಗದ ಎಷ್ಟೋ ಕುಟುಂಬಗಳು ಮನೆಮಠ ತೊರೆದು ತುಂಗಭದ್ರೆಯ ಆಚೆ ದಡಕ್ಕೆ ಹೋದವು. ಗಡಿಯಲ್ಲಿ ಶಿಬಿರಗಳನ್ನು ಹೂಡಿ ಹೋರಾಡಿದ ಕನ್ನಡಿಗರ ನೆನಪು ಇಂದಿಗೂ ಮಾಸಿಲ್ಲ. ಕೊನೆಗೆ 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂದಿತು. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ತನ್ನ ಮೈಮೇಲಿನ ಬಟ್ಟೆಯ ಬಗ್ಗೆ ಅಷ್ಟು ಮಿತವ್ಯಯಿಯಾಗಿದ್ದ ದೊರೆ ತನ್ನ ಹಟಕ್ಕೆ ಪ್ರಜೆಗಳು ತೆತ್ತ ಬೆಲೆಯನ್ನು ಸಕಾಲದಲ್ಲಿ ಲೆಕ್ಕಹಾಕಲಿಲ್ಲ ಎಂಬ ಆರೋಪ ಅವರ ಹೆಸರಿನೊಂದಿಗೆ ಶಾಶ್ವತವಾಗಿ ಉಳಿಯಿತು.

ಆ ದಿನಗಳಲ್ಲಿಯೇ ಸುಮಾರು 10 ಲಕ್ಷ ಪೌಂಡ್ ಹಣ ಲಂಡನ್ನಿನ ಬ್ಯಾಂಕೊಂದರಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಅವರ ಖಾತೆಗೆ ವರ್ಗವಾಯಿತು. ಅದು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಏಳು ದಶಕ ನಡೆಯಿತು. 2019ರಲ್ಲಿ ಅಲ್ಲಿನ ನ್ಯಾಯಾಲಯ ಭಾರತ ಮತ್ತು ನಿಜಾಮರ ವಂಶಸ್ಥರ ಪರವಾಗಿ ತೀರ್ಪು ಕೊಡುವಾಗ ಆ ಮೊತ್ತ 3.5 ಕೋಟಿ ಪೌಂಡ್ ಆಗಿತ್ತು. ನಿಂತ ಹಣ ಬಡ್ಡಿಯಿಂದ ಬೆಳೆಯಿತು. ಅದೇ ಒಡೆಯನ ನಿಂತ ಕಾರುಗಳು ತುಕ್ಕಿನಿಂದ ಕರಗಿದವು.

1950ರಿಂದ 1956ರವರೆಗೆ ಅವರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು. ಹಾಲಿ ಸಿಕ್ಕಾ ನಾಣ್ಯದ 50 ಲಕ್ಷ, ಅಂದರೆ ಭಾರತದ ನಾಣ್ಯದಲ್ಲಿ 42,85,714 ರೂಪಾಯಿ ವಾರ್ಷಿಕ ರಾಜಧನ ಅವರಿಗೆ ನಿಗದಿಯಾಯಿತು. 1956ರ ನವೆಂಬರ್ 1ರಂದು ರಾಜ್ಯವೇ ಮೂರು ಭಾಗವಾಯಿತು. ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಯಾಪಲದಿನ್ನಿಯಂತಹ ಊರುಗಳು ಇದ್ದಕ್ಕಿದ್ದಂತೆ ಗಡಿಯ ಊರುಗಳಾದವು.

ಅರವತ್ತರಲ್ಲಿ ನಾಲ್ಕು

1965ರಲ್ಲಿ ನಿಜಾಮರು ದೇಶದ ರಕ್ಷಣೆಗೆ ಐದು ಟನ್ ಚಿನ್ನವನ್ನು ದಾನ ಮಾಡಿದರೆಂಬ ಮಾತು ಬಹಳ ಪ್ರಸಿದ್ಧ. ದಾಖಲೆಗಳ ಪ್ರಕಾರ ಅದು ದಾನವಲ್ಲ. ರಾಷ್ಟ್ರೀಯ ರಕ್ಷಣಾ ಚಿನ್ನದ ಯೋಜನೆಯಲ್ಲಿ ಶೇಕಡಾ 6.5ರ ಬಡ್ಡಿಗೆ ತೊಡಗಿಸಿದ 425 ಕಿಲೋಗ್ರಾಂ ಚಿನ್ನ. ಬಾಳಿನ ಸಂಜೆಯಲ್ಲಿಯೂ ಬಡ್ಡಿಯ ಲೆಕ್ಕ ಅವರ ಕೈತಪ್ಪಿರಲಿಲ್ಲ.

1967ರ ಫೆಬ್ರವರಿ 24ರಂದು ಅವರು ಕಿಂಗ್ ಕೋಠಿಯಲ್ಲಿ ಕೊನೆಯುಸಿರೆಳೆದರು. ಅಂತಿಮ ಯಾತ್ರೆಗೆ ಜನಸಾಗರವೇ ಸೇರಿತು. ತಾವು ಬದುಕಿದ್ದ ಅರಮನೆಯ ಎದುರಿಗಿರುವ ಜೂದಿ ಮಸೀದಿಯಲ್ಲಿ, ತಾಯಿಯ ಸಮಾಧಿಯ ಸಮೀಪದಲ್ಲಿ ಅವರು ಮಣ್ಣಾದರು.

ಮಗ ಆಜಂ ಜಾ ಅವರನ್ನು ಬದಿಗಿರಿಸಿ ಮೊಮ್ಮಗ ಮುಕರ್ರಂ ಜಾ ಅವರನ್ನು ನಿಜಾಮರು ಮೊದಲೇ ವಾರಸುದಾರರನ್ನಾಗಿ ಆರಿಸಿದ್ದರು. 1967ರ ಏಪ್ರಿಲ್ 6ರಂದು ಚೌಮಹಲ್ಲಾದಲ್ಲಿ ಪಟ್ಟಾಭಿಷೇಕ ನಡೆಯಿತು. ಹೊಸ ನಿಜಾಮರು ಅಜ್ಜನ ಸಂಸಾರದ ಲೆಕ್ಕಪತ್ರಗಳನ್ನು ತೆರೆದಾಗ ಬೆಚ್ಚಿಬಿದ್ದರು. ಸಂಬಳದ ಪಟ್ಟಿಯಲ್ಲಿ 14,718 ನೌಕರರು ಮತ್ತು ಅವಲಂಬಿತರಿದ್ದರು. ದೀಪದ ಗೊಂಚಲುಗಳ ಧೂಳು ಒರೆಸಲೆಂದೇ 38 ಜನರಿದ್ದರು. ಗ್ಯಾರೇಜಿನಲ್ಲಿ 60 ಕಾರುಗಳಿದ್ದವು. ಅವುಗಳ ಪೆಟ್ರೋಲು ಮತ್ತು ಬಿಡಿಭಾಗಗಳಿಗೆಂದು ವರ್ಷಕ್ಕೆ 45,000 ಪೌಂಡ್ ಖರ್ಚು ಬರೆಯಲಾಗುತ್ತಿತ್ತು. ಅಷ್ಟಿದ್ದೂ ಓಡುವ ಸ್ಥಿತಿಯಲ್ಲಿದ್ದುದು ನಾಲ್ಕೇ ಕಾರುಗಳು ಎಂದು ಇತಿಹಾಸಕಾರರು ದಾಖಲಿಸಿದ್ದಾರೆ. ಪಟ್ಟಾಭಿಷೇಕದ ಬಳಿಕ ಹೊಸ ದೊರೆಯನ್ನು ಕರೆದೊಯ್ಯಬೇಕಿದ್ದ ಕಾರು ಕೂಡ ಕೆಟ್ಟು ನಿಂತಿತು.

ಒಂದು ಪೌಂಡಿಗೆ 21 ರೂಪಾಯಿಯ ಆಗಿನ ದರದಲ್ಲಿ ಆ ಖರ್ಚು 9 ಲಕ್ಷ 45 ಸಾವಿರ ರೂಪಾಯಿ. ಓಡುತ್ತಿದ್ದ ಕಾರುಗಳಿಗೆ ಹಂಚಿದರೆ ಒಂದೊಂದಕ್ಕೆ ವರ್ಷಕ್ಕೆ 2 ಲಕ್ಷ 36 ಸಾವಿರ. ಮುಕರ್ರಂ ಜಾ ಅವರಿಗೆ ನಿಗದಿಯಾದ ರಾಜಧನ 20 ಲಕ್ಷ ರೂಪಾಯಿ. ಅದರ ಸರಿಸುಮಾರು ಅರ್ಧದಷ್ಟು ಹಣವನ್ನು ಗ್ಯಾರೇಜೊಂದೇ ನುಂಗುತ್ತಿತ್ತು. ಅರವತ್ತು ಕಾರುಗಳಲ್ಲಿ ಐವತ್ತಾರು ನಿಂತಿದ್ದರೂ ಅಷ್ಟು ಪೆಟ್ರೋಲು ಯಾವುದಕ್ಕೆ ಸುರಿಯಿತು ಎಂಬ ಪ್ರಶ್ನೆಗೆ ಉತ್ತರ ಹೇಳುವವರಿರಲಿಲ್ಲ. ಒಡೆಯ ನೋಡದ ಲೆಕ್ಕದಲ್ಲಿ ಹಲವರ ಹೊಟ್ಟೆ ತುಂಬುತ್ತದೆ ಎಂಬುದನ್ನು ಊಹಿಸಲು ಹೆಚ್ಚಿನ ಬುದ್ಧಿ ಬೇಕಿಲ್ಲ.

ವಿಧಿಯ ವಿಚಿತ್ರವೆಂದರೆ ಮುಕರ್ರಂ ಜಾ ಅವರಿಗೆ ಯಂತ್ರಗಳೆಂದರೆ ಪ್ರಾಣ. ಎಂಜಿನ್ ಬಿಚ್ಚಿ ಕೈಗೆ ಎಣ್ಣೆ ಮೆತ್ತಿಕೊಳ್ಳುವುದೇ ಅವರಿಗೆ ದರ್ಬಾರಿಗಿಂತ ಹಿತವಾದ ಕೆಲಸ. 1971ರಲ್ಲಿ ರಾಜಧನ ರದ್ದಾಯಿತು. ವ್ಯಾಜ್ಯ, ತೆರಿಗೆ, ಬಂಧುಗಳ ಕಾಟದಿಂದ ಬೇಸತ್ತ ಅವರು ಆಸ್ಟ್ರೇಲಿಯಾದ ಕುರಿ ಸಾಕಣೆಯ ಬಯಲಿಗೆ ಹೋಗಿ ನೆಲೆಸಿದರು. 2023ರ ಜನವರಿಯಲ್ಲಿ ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ಚೌಮಹಲ್ಲಾ ಅರಮನೆಯನ್ನು ಜೀರ್ಣೋದ್ಧಾರ ಮಾಡಿ ಜನರಿಗೆ ತೆರೆಯುವ ಹೊಣೆಯನ್ನು ಅವರ ಮೊದಲ ಪತ್ನಿ ರಾಜಕುಮಾರಿ ಎಸ್ರಾ ಹೊತ್ತರು. ಹಳದಿ ರೋಲ್ಸ್ ರಾಯ್ಸ್ ಕೂಡ ದುರಸ್ತಿಗೊಂಡು ಮತ್ತೆ ಹೊಳಪು ಪಡೆಯಿತು.

ಉಳಿದ ಲೆಕ್ಕ

ಉಸ್ಮಾನ್ ಅಲಿ ಖಾನರನ್ನು ಕೆಲವರು ಜಿಪುಣ ಎಂದರು, ಕೆಲವರು ಫಕೀರನಂತಹ ದೊರೆ ಎಂದರು. ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ತಮಗಾಗಿ ಅವರು ಖರ್ಚು ಮಾಡಿದ್ದು ಬಹಳ ಕಡಿಮೆ, ಆದರೆ ತಮ್ಮದೆಂದು ಒಮ್ಮೆ ಸೇರಿದ ಯಾವುದನ್ನೂ ಬಿಟ್ಟುಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಕಾರು, ಅರಮನೆ, ವಜ್ರ, ನೌಕರ ಎಲ್ಲವೂ ಹಾಗೆಯೇ ಗುಡ್ಡೆಯಾದವು. ಸಾವಿರಾರು ಅವಲಂಬಿತರನ್ನು ಬೀದಿಗೆ ತಳ್ಳದೆ ಸಾಕಿದ್ದು ಔದಾರ್ಯವೇ. ಆದರೆ ಓಡದ ಕಾರುಗಳಿಗೆ ಪೆಟ್ರೋಲಿನ ಲೆಕ್ಕ ಬರೆಸಿಕೊಂಡದ್ದನ್ನು ಔದಾರ್ಯ ಎನ್ನಲಾಗದು. ಬಳಸುವ ವಸ್ತುವಿನಲ್ಲಿ ಮಾಡಿದ ಉಳಿತಾಯವನ್ನೆಲ್ಲ ಬಳಸದ ವಸ್ತು ಸದ್ದಿಲ್ಲದೆ ತಿಂದುಹಾಕಿತು.

ಬಳಸಿದ ಐಷಾರಾಮಿ ಕಾರಿಗೆ ಮುಂಗಡ ಕೊಡಲು ಹೊರಟವರು ಒಮ್ಮೆ ಈ ಬದುಕನ್ನು ನೆನೆದರೆ ನಷ್ಟವಿಲ್ಲ. ದಲ್ಲಾಳಿ ಹೇಳುವ ಬೆಲೆಯ ಪಕ್ಕದಲ್ಲಿ ವರ್ಷದ ದುರಸ್ತಿ, ಟೈರು, ವಿಮೆ, ಪೆಟ್ರೋಲುಗಳ ಮೊತ್ತವನ್ನು ಬರೆದು, ವರ್ಷಕ್ಕೆ ನಿಜವಾಗಿ ಓಡಿಸುವ ಕಿಲೋಮೀಟರುಗಳಿಂದ ಭಾಗಿಸಿದರೆ ಕಾರಿನ ದಿಟವಾದ ಬೆಲೆ ಕಣ್ಣಿಗೆ ಕಾಣುತ್ತದೆ. ಆ ಭಾಗಾಕಾರವನ್ನು ಜಗತ್ತಿನ ಅತಿ ಸಿರಿವಂತರೂ ಮಾಡದೆ ಬಿಟ್ಟಿದ್ದರು. ಚೌಮಹಲ್ಲಾದಲ್ಲಿ ಹೊಳೆಯುತ್ತಿರುವ ಹಳದಿ ಕಾರಿನ 356 ಮೈಲಿ ಅದಕ್ಕೆ ಸಾಕ್ಷಿ.